ಮೂರು ದಿನದ ಸೈಕಲ್ ರೇಸ್‌ಗೆ ತಯಾರಾಗುವ ಬಗೆ: ಕಲಬುರಗಿ–ಬೀದರ್ ಏರಿಳಿತದ ರಸ್ತೆಗಳಲ್ಲಿ ಕಲಿತ ಸಮಗ್ರ ಮಾರ್ಗದರ್ಶಿ

ಒಂದು ದಿನದ ರೇಸ್‌ನಲ್ಲಿ ಜೀವ ಬಿಟ್ಟು ತುಳಿಯುವ ಹುಡುಗರು, ಹುಡುಗಿಯರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಮೊದಲ ದಿನ ಹತ್ತರೊಳಗೆ ಬಂದವರು ಮೂರನೇ ದಿನ ಐವತ್ತರಾಚೆ ಹೋಗಿದ್ದನ್ನೂ ಕಂಡಿದ್ದೇನೆ. ಅವರ ಕಾಲಲ್ಲಿ ಶಕ್ತಿ ಇರಲಿಲ್ಲ ಅಂತಲ್ಲ, ಇದ್ದ ಶಕ್ತಿಯನ್ನು ಮೂರು ಪಾಲು ಮಾಡಲು ಯಾರೂ ಕಲಿಸಿರಲಿಲ್ಲ. ದಿನಕ್ಕೊಂದರಂತೆ ಹಲವು ಹಂತಗಳ ರೇಸ್ ನಿಜವಾಗಿ ಪರೀಕ್ಷೆ ಮಾಡುವುದು ನಿನ್ನೆ ದಣಿದ ಮೈ ಇವತ್ತು ಮುಂಜಾನೆ ಹೇಗೆ ಏಳುತ್ತದೆ ಅನ್ನುವುದನ್ನೇ. ಈ ಬರಹದ ಉದ್ದಕ್ಕೂ ನಾನು ಹೇಳುವುದು ಆ ಒಂದೇ ಮಾತನ್ನು.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ನನ್ನ ಮೊದಲ ಮೂರು ದಿನದ ರೇಸ್‌ನಲ್ಲಿ ಮೊದಲ ದಿನ ಎಲ್ಲ ಏರಿನಲ್ಲೂ ಎಲ್ಲರಿಗಿಂತ ಮುಂದೆ ಹೋದೆ. ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಎರಡನೇ ದಿನ ಎಪ್ಪತ್ತನೇ ಕಿಲೋಮೀಟರ್ ಹೊತ್ತಿಗೆ ಕಣ್ಣು ಕತ್ತಲಿಟ್ಟು, ಕೈ ನಡುಗಿ, ಜಾಲಿ ಗಿಡದ ನೆರಳಲ್ಲಿ ಸೈಕಲ್ ಕೆಡವಿ ಕೂತುಬಿಟ್ಟೆ. ಹೊಲದಿಂದ ಬಂದ ಒಬ್ಬ ಅಜ್ಜಿ ತನ್ನ ಬುತ್ತಿಗಂಟು ಬಿಚ್ಚಿ ಬೆಲ್ಲ ಕೊಟ್ಟಳು. ಹತ್ತು ನಿಮಿಷಕ್ಕೆ ಜೀವ ಬಂತು, ಆದರೆ ಗುಂಪು ಅಷ್ಟರಲ್ಲಿ ಎಷ್ಟೋ ದೂರ ಹೋಗಿತ್ತು.

ಮೊದಲು ಲೆಕ್ಕ ತಿಳಿದುಕೊಳ್ಳಿ

ಹಂತಗಳ ರೇಸ್‌ನಲ್ಲಿ ಪ್ರತಿ ದಿನದ ಸಮಯವನ್ನು ಕೂಡಿಸುತ್ತಾರೆ. ಎಲ್ಲ ದಿನ ಸೇರಿ ಯಾರ ಸಮಯ ಕಡಿಮೆಯೋ ಅವರೇ ಒಟ್ಟಾರೆ ವಿಜೇತರು. ಒಂದು ಹಂತವನ್ನೂ ಗೆಲ್ಲದೆ ಇಡೀ ರೇಸ್ ಗೆಲ್ಲಬಹುದು. ಒಂದೇ ಗುಂಪಿನಲ್ಲಿ ಒಟ್ಟಿಗೆ ಗೆರೆ ದಾಟಿದವರಿಗೆಲ್ಲ ಒಂದೇ ಸಮಯ ಕೊಡುತ್ತಾರೆ, ಹಾಗಾಗಿ ಸಮತಟ್ಟಾದ ದಿನ ಹತ್ತನೆಯವರಾಗಿ ಬಂದರೂ ಮೂವತ್ತನೆಯವರಾಗಿ ಬಂದರೂ ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಆಗದಿರಬಹುದು. ಆದರೆ ಗುಂಪು ಒಡೆದು ನೀವು ಹಿಂದಿನ ತುಂಡಿನಲ್ಲಿ ಸಿಕ್ಕಿಕೊಂಡರೆ ಆ ಸೆಕೆಂಡುಗಳು ಹೋದಹಾಗೇ. ದೊಡ್ಡ ರೇಸ್‌ಗಳಲ್ಲಿ ಹಂತದ ಮೊದಲ ಮೂವರ ಒಟ್ಟು ಸಮಯದಿಂದ 10, 6, 4 ಸೆಕೆಂಡನ್ನು ಬೋನಸ್ ಆಗಿ ಕಳೆಯುವ ಪದ್ಧತಿಯೂ ಇದೆ.

ಸೆಕೆಂಡ್‌ಗೆ ಏನು ಬೆಲೆ ಅನ್ನುವವರು 1989ರ ಟೂರ್ ಡಿ ಫ್ರಾನ್ಸ್ ನೆನಪಿಸಿಕೊಳ್ಳಿ. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್. ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ವರೆಗಿನ 24.5 ಕಿ.ಮೀ. ಒಂಟಿ ಓಟಕ್ಕೆ (ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ತುಳಿಯುವ ಹಂತ) ನಿಂತಾಗ ಫ್ರಾನ್ಸ್‌ನ ಲಾರಾಂ ಫಿನ್ಯೋಂ 50 ಸೆಕೆಂಡ್ ಮುಂದಿದ್ದ. ಅಮೆರಿಕದ ಗ್ರೆಗ್ ಲೆಮಾಂಡ್ ಅದನ್ನು ಅಳಿಸಿ 8 ಸೆಕೆಂಡ್‌ನಿಂದ ಗೆದ್ದ. ಮೂರು ವಾರದ ಬೆವರಿನ ತೀರ್ಪು ಎಂಟು ಸೆಕೆಂಡ್! ನೀರಿನ ಬಾಟಲಿ ಬಿದ್ದರೆ ಬಗ್ಗಿ ಎತ್ತಿಕೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

2026ರ ಜನವರಿಯಲ್ಲಿ ಪಕ್ಕದ ಪುಣೆಯಲ್ಲೇ ಅಂತರರಾಷ್ಟ್ರೀಯ ಮಟ್ಟದ ಹಂತಗಳ ರೇಸ್ ನಡೆಯಿತು. ಇನ್ನು ಇದು ದೂರದೇಶದ ಆಟ ಅಂತ ನಮ್ಮ ಮಕ್ಕಳು ಕೈಕಟ್ಟಿ ಕೂರಬೇಕಿಲ್ಲ.

ನಮ್ಮ ನೆಲದ ಗುಣ

ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಬೀದರ್ ಅದಕ್ಕಿಂತ ಸುಮಾರು ಇನ್ನೂರು ಮೀಟರ್ ಮೇಲೆ, ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ಕೂತಿದೆ. ಇನ್ನೂರು ಮೀಟರ್ ಅಷ್ಟೇನಾ ಅನ್ನಬೇಡಿ. ನಮ್ಮಲ್ಲಿ ಒಂದೇ ಸಲ ಇಪ್ಪತ್ತು ಕಿಲೋಮೀಟರ್ ಹತ್ತಿಸುವ ಘಟ್ಟ ಇಲ್ಲ. ಅದರ ಬದಲು ಒಂದು ದಿನ್ನಿ ಹತ್ತು, ಇಳಿ, ಹಳ್ಳ ದಾಟು, ಮತ್ತೊಂದು ದಿನ್ನಿ ಹತ್ತು. ಕಮಲಾಪುರ ದಾಟಿ ಕಿಣ್ಣಿ ಸಡಕ್ ಮೇಲೆ ಹುಮನಾಬಾದ್ ಕಡೆ ಹೋಗುವಾಗ ಇದು ಕಾಲಿಗೇ ಗೊತ್ತಾಗುತ್ತದೆ. ಉದ್ದನೆಯ ಘಟ್ಟದಲ್ಲಿ ಒಂದು ಲಯ ಸಿಗುತ್ತದೆ. ಇಲ್ಲಿ ಲಯ ಸಿಗುವಷ್ಟರಲ್ಲಿ ಏರು ಮುಗಿದು, ಉಸಿರು ತಿರುಗುವಷ್ಟರಲ್ಲಿ ಮುಂದಿನದು ಎದುರು ನಿಂತಿರುತ್ತದೆ. ಇಂಥ ರಸ್ತೆ ಕಾಲನ್ನು ಸ್ವಲ್ಪಸ್ವಲ್ಪವೇ ಕೊರೆಯುತ್ತದೆ.

ಎರಡನೆಯದು ಗಾಳಿ. ಬಯಲುಸೀಮೆಯ ಎರಿ ಹೊಲದಲ್ಲಿ ಮರೆ ಇಲ್ಲ. ಚಳಿಗಾಲದಲ್ಲಿ ಮೂಡಣ ಗಾಳಿ, ಮಳೆಗಾಲದಲ್ಲಿ ಪಡುವಣ ಗಾಳಿ. ಕಲಬುರಗಿಯಿಂದ ಉತ್ತರಕ್ಕೆ ಹೊರಟರೆ ಎರಡೂ ಪಕ್ಕೆಗೆ ಹೊಡೆಯುತ್ತವೆ. ಪಕ್ಕೆಗಾಳಿಯಲ್ಲಿ ಓಡಿಸಲು ಕಲಿಯುವವರಿಗೆ ಈ ಸೀಮೆಯೇ ಶಾಲೆ. ತರಬೇತಿಗೆ ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಾರ್ಚ್ ನಂತರ ಎಂಟು ಗಂಟೆಯೊಳಗೆ ಮನೆ ಸೇರಬೇಕು, ಏಪ್ರಿಲ್–ಮೇ ಬಿಸಿಲಿನ ಜೊತೆ ಹಠ ಬೇಡ.

ಸೈಕಲ್ ಮತ್ತು ಗಾಡಿ ಅಂಗಡಿಯ ಕಾಕಾ

ದುಬಾರಿ ಫ್ರೇಮಿಗಿಂತ ಸರಿಯಾದ ಗೇರ್ ಮುಖ್ಯ. ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 32 ಹಲ್ಲಿನ ಕ್ಯಾಸೆಟ್ (ಹಿಂಗಾಲಿಯ ಗೇರ್ ಚಕ್ರಗಳ ಗೊಂಚಲು) ಇದ್ದರೆ ನಮ್ಮ ಯಾವ ಏರಿಗೂ ಸಾಕು. 34 ಹಲ್ಲಿನ ಚಕ್ರಕ್ಕೆ ಹಿಂದೆ 32 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಹಳೆಯ ರೇಸ್ ಸೈಕಲ್‌ಗಳ 39ಕ್ಕೆ 25 ಆದರೆ ಸುಮಾರು 3.3 ಮೀಟರ್. ಎರಡನೆಯದು ಗಂಡಸುತನ ಅಂತ ಹುಡುಗರು ಅಂದುಕೊಳ್ಳುತ್ತಾರೆ, ಮೂರನೇ ದಿನ ಮೊಣಕಾಲು ಉತ್ತರ ಕೊಡುತ್ತದೆ. ಏರಿನಲ್ಲೂ ನಿಮಿಷಕ್ಕೆ 75–85 ಸುತ್ತು ತಿರುಗಿಸುವ ಗೇರ್ ಇಟ್ಟುಕೊಳ್ಳಿ.

ಟೈರ್ 28 ಮಿ.ಮೀ. ಇರಲಿ. ಅರವತ್ತೈದು ಕಿಲೋ ತೂಗುವವರಿಗೆ 70–75 ಪಿಎಸ್‌ಐ ಹವಾ ಸಾಕು. ಮೊದಲು ನಾನೂ ಕಲ್ಲಿನಂತೆ ತುಂಬಿಸುತ್ತಿದ್ದೆ. "ಅಷ್ಟು ಹವಾ ಹಾಕಬ್ಯಾಡ ತಮ್ಮಾ, ಗಾಡಿ ರೋಡಿನ ಮ್ಯಾಲ ಕುಣಿತದ, ಓಡಂಗಿಲ್ಲ" ಅಂತ ನಮ್ಮ ಅಂಗಡಿಯ ಕಾಕಾ ಹೇಳಿದಾಗ ನಂಬಲಿಲ್ಲ. ಒಂದೇ ಇಳಿಜಾರನ್ನು ಎರಡು ರೀತಿ ಹವಾ ಹಾಕಿ ಇಳಿದು ನೋಡಿದ ಮೇಲೆ ನಂಬಿದೆ. ಒರಟು ಡಾಂಬರಿನ ಮೇಲೆ ಕುಣಿಯದ ಟೈರೇ ವೇಗ.

ಇನ್ನು ಮುಳ್ಳು. ಬಳ್ಳಾರಿ ಜಾಲಿ, ನೆಗ್ಗಿಲು ಎರಡೂ ನಮ್ಮ ರಸ್ತೆ ಅಂಚಿನ ಶತ್ರುಗಳು. ಪ್ರತಿ ಸವಾರಿ ಮುಗಿದ ಮೇಲೆ ಒಂದು ತುಣುಕು ಹತ್ತಿ ತೆಗೆದುಕೊಂಡು ಟೈರಿನ ಹೊರಮೈ ಮೇಲೆ ನಿಧಾನಕ್ಕೆ ಸುತ್ತಿಸಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿನ ತುದಿ ಇದೆ. ಕಣ್ಣಿಗೆ ಕಪ್ಪು ಚುಕ್ಕೆಯಷ್ಟೇ ಕಾಣುತ್ತದೆ, ಉಗುರು ತಾಗಿಸಿದರೆ ಚುಚ್ಚುತ್ತದೆ. ಸೂಜಿಯಿಂದ ಎಬ್ಬಿಸಿ ಚಿಮುಟದಲ್ಲಿ ಎಳೆಯಿರಿ. ಇದು ಎರಡು ನಿಮಿಷದ ಕೆಲಸ. ಬಿಟ್ಟರೆ ಆ ತುದಿ ದಿನಕ್ಕೆ ಕೂದಲೆಳೆಯಷ್ಟು ಒಳಗೆ ಹೋಗಿ, ರೇಸ್ ದಿನ ಟ್ಯೂಬ್ ಮುಟ್ಟುತ್ತದೆ. ಪಂಚರ್ ಆದಾಗ ಹೊಸ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಮೈಯನ್ನೂ ಹೀಗೇ ಸವರಿ, ಇಲ್ಲವಾದರೆ ಅದೇ ಮುಳ್ಳು ಎರಡನೇ ಟ್ಯೂಬನ್ನೂ ಕೊಲ್ಲುತ್ತದೆ.

ಬ್ರೇಕ್ ಪ್ಯಾಡ್, ಚೈನ್, ಸೀಟಿನ ಎತ್ತರ ಇವನ್ನು ರೇಸ್‌ಗೆ ಎರಡು ವಾರ ಮುಂಚೆ ಸರಿಮಾಡಿ ಮುಗಿಸಿ. ಕೊನೆಯ ವಾರ ಹೊಸ ಬೂಟು, ಹೊಸ ಸೀಟು ಯಾವುದೂ ಬೇಡ.

ಹನ್ನೆರಡು ವಾರದ ತಯಾರಿ

ಶುರುಮಾಡುವ ಮುಂಚೆ ವೈದ್ಯರಿಗೆ ಒಮ್ಮೆ ತೋರಿಸಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹುಡುಗಿಯರು ಇದನ್ನು ಖಂಡಿತ ಬಿಡಬಾರದು. ರಕ್ತ ಕಡಿಮೆ ಇದ್ದವರು ಎಷ್ಟು ತುಳಿದರೂ ಏರಿನಲ್ಲಿ ಹಿಂದೆ ಬೀಳುತ್ತಾರೆ, ಸೋಮಾರಿತನ ಅಂತ ಬೈಸಿಕೊಳ್ಳುತ್ತಾರೆ.

ಮೊದಲ ನಾಲ್ಕು ವಾರ ಬರೀ ಬುನಾದಿ. ವಾರಕ್ಕೆ ನಾಲ್ಕು ದಿನ, ಒಟ್ಟು ಆರರಿಂದ ಎಂಟು ಗಂಟೆ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಇರಬೇಕು. ಮಾತು ತುಂಡಾದರೆ ವೇಗ ಇಳಿಸಿ. ಈ ನಾಲ್ಕು ವಾರ ಎಲ್ಲರಿಗೂ ಬೇಜಾರು, ಹೆಚ್ಚಿನವರು ಇಲ್ಲೇ ಅವಸರ ಮಾಡಿ ಕೆಡುತ್ತಾರೆ.

ಐದನೇ ವಾರದಿಂದ ಏರು. ಮೂರರಿಂದ ಐದು ನಿಮಿಷ ಹಿಡಿಯುವ ಒಂದು ದಿನ್ನಿ ಆರಿಸಿಕೊಳ್ಳಿ. ಬೀದರ್‌ನವರಿಗೆ ಕೋಟೆಯ ಕೆಳಗಿನಿಂದ ಅಷ್ಟೂರು ಗುಮ್ಮಟಗಳ ಕಡೆ ಇಳಿಯುವ ರಸ್ತೆ ಇದೆ, ಮಾಂಜ್ರಾ ಕಣಿವೆಗೆ ಇಳಿಯುವ ಜನವಾಡ ರಸ್ತೆ ಇದೆ. ಇಳಿದು ತಿರುಗಿ ಹತ್ತುವುದೇ ಪಾಠ. ಯಾದಗಿರಿ, ಶಹಾಪುರ, ಸುರಪುರದವರಿಗೆ ಬಂಡೆಗುಡ್ಡಗಳ ಸುತ್ತ ಇಂಥ ಏರು ಸಿಗುತ್ತವೆ. ಬುಧವಾರ ನಾಲ್ಕು ಸಲ ಹತ್ತಿ, ಮುಂದಿನ ವಾರಗಳಲ್ಲಿ ಆರಕ್ಕೆ ಏರಿಸಿ. ಗುಟ್ಟು ಇಷ್ಟೇ: ಕೊನೆಯ ಸಲ ಮೊದಲ ಸಲದಷ್ಟೇ ಸಮಯದಲ್ಲಿ ಹತ್ತಬೇಕು. ಮೊದಲನೆಯದು ನಾಲ್ಕು ನಿಮಿಷ, ಕೊನೆಯದು ಐದು ನಿಮಿಷ ಆದರೆ ನೀವು ಶುರುವಿನಲ್ಲೇ ಗಂಟು ಖಾಲಿ ಮಾಡಿದ್ದೀರಿ.

ಏಳನೇ ವಾರದಿಂದ ಶನಿವಾರ, ಭಾನುವಾರ ಬೆನ್ನಿಗೆ ಬೆನ್ನು ಸವಾರಿ. ಶನಿವಾರ ಎರಡೂವರೆ ಗಂಟೆ ಏರಿನ ಮೇಲೆ ಗಟ್ಟಿಯಾಗಿ, ಭಾನುವಾರ ನಾಲ್ಕು ಗಂಟೆ ಹದವಾಗಿ. ಭಾನುವಾರ ಮೊದಲ ಅರ್ಧ ಗಂಟೆ ಕಾಲು ಮರದ ತುಂಡಿನಂತೆ ಇರುತ್ತದೆ. ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಬಿಚ್ಚಿಕೊಳ್ಳುತ್ತದೆ. ಈ ಅನುಭವ ಮೈಗೆ ಪರಿಚಯ ಆಗಿದ್ದರೆ ರೇಸ್‌ನ ಎರಡನೇ ದಿನ ಗಾಬರಿ ಆಗುವುದಿಲ್ಲ. ಪ್ರತಿ ನಾಲ್ಕನೇ ವಾರ ಸವಾರಿಯನ್ನು ಅರ್ಧಕ್ಕೆ ಇಳಿಸಿ. ಮೈ ಬಲಿಯುವುದು ಆ ವಾರದಲ್ಲೇ.

ಹತ್ತನೇ ವಾರ ಅಣಕು ರೇಸ್

ಮೂರು ದಿನ ರಜೆ ಹಾಕಿ, ನಾಲ್ಕಾರು ಜನ ಸೇರಿ, ಹಿಂದೆ ಒಂದು ಜೀಪೋ ಕಾರೋ ಇಟ್ಟುಕೊಂಡು ಇದನ್ನು ಮಾಡಿ. ಮೊದಲ ದಿನ ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮೇಲೆ ಬೀದರ್, ಸುಮಾರು 115 ಕಿ.ಮೀ. ಎರಡನೇ ದಿನ ಬೀದರ್ ಸುತ್ತಲೇ 50–60 ಕಿ.ಮೀ. ಚಿಕ್ಕ ಸುತ್ತು. ಜನವಾಡ ಇಳಿಜಾರು, ಅಷ್ಟೂರು ಏರು, ಕೊನೆಗೆ ಹತ್ತು ಕಿಲೋಮೀಟರ್ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ. ಮೂರನೇ ದಿನ ಬೀದರ್‌ನಿಂದ ಮನ್ನಾಎಖೇಳಿ ದಾಟಿ ಚಿಂಚೋಳಿ. ಮೂರನೇ ದಿನವೂ ಕಾಲು ಗಟ್ಟಿ ಇದ್ದವರು ಚಿಂಚೋಳಿಯಿಂದ ಕೊಂಚಾವರಂ ಕಾಡಿನ ಕಡೆಗೆ ಹತ್ತಬಹುದು. ಅದು ವನ್ಯಜೀವಿ ಧಾಮದ ಪ್ರದೇಶ, ಕತ್ತಲಾಗುವ ಮುಂಚೆ ಹೊರಬನ್ನಿ, ಬಾಳೆಸಿಪ್ಪೆ ಬಿಟ್ಟು ಬೇರೇನಾದರೂ ಬಿದ್ದಿದೆಯೇ ಎಂದು ಹಿಂದೆ ತಿರುಗಿ ನೋಡಿ, ಆ ಸಿಪ್ಪೆಯನ್ನೂ ಎತ್ತಿಕೊಂಡು ಬನ್ನಿ.

ಹೆದ್ದಾರಿಯಲ್ಲಿ ಹೋಗುವಾಗ ಇಬ್ಬರು ಅಕ್ಕಪಕ್ಕ ಬೇಡ, ಸಾಲಾಗಿ ಹೋಗಿ. ಕಬ್ಬಿನ ಸುಗ್ಗಿಯಲ್ಲಿ ಭಾಲ್ಕಿ, ಹುಮನಾಬಾದ್ ಸುತ್ತ ಟ್ರ್ಯಾಕ್ಟರ್ ಟ್ರಾಲಿಗಳು ಎರಡೂ ಬದಿಗೆ ಕಬ್ಬು ಚಾಚಿಕೊಂಡು ಹೋಗುತ್ತವೆ. ಅವುಗಳ ಹಿಂದೆ ಗಾಳಿಯ ಮರೆ ಹುಡುಕುವ ಆಸೆ ಯಾರಿಗೂ ಬರಬಾರದು. ತೊಗರಿ, ಜೋಳದ ರಾಶಿ ಕಾಲದಲ್ಲಿ ರೈತರು ರಸ್ತೆ ಮೇಲೆಯೇ ಕಾಳು ಹರಡಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ದೂರದಿಂದಲೇ ವೇಗ ಇಳಿಸಿ, ಬೇಕಾದರೆ ಇಳಿದು ದಾಟಿ. ಅದು ಅವರ ವರ್ಷದ ದುಡಿಮೆ.

ಊಟವೇ ಅರ್ಧ ರೇಸ್

ಗಂಟೆಗೆ 60 ಗ್ರಾಂ ಪಿಷ್ಟ–ಸಕ್ಕರೆ ಹೊಟ್ಟೆಗೆ ಹೋಗಬೇಕು. ತರಬೇತಿಯಲ್ಲಿ ರೂಢಿ ಮಾಡಿಕೊಂಡವರು 90ರವರೆಗೂ ಹೋಗುತ್ತಾರೆ. ಒಂದು ಹದವಾದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ಸಣ್ಣ ಲಿಂಬೆ ಗಾತ್ರದ ಬೆಲ್ಲದ ಉಂಡೆಯಲ್ಲಿ ಸುಮಾರು 20 ಗ್ರಾಂ. ಪಾನಕವನ್ನು ಮನೆಯಲ್ಲೇ ಮಾಡಿ: ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಒಂದು ಲಿಂಬೆ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯಿರಿ, ಬಿಸಿಲಿದ್ದರೆ ಇನ್ನೂ ಹೆಚ್ಚು. ಹಸಿವಾದ ಮೇಲೆ ತಿನ್ನುವುದು ತಡವಾಯಿತು ಅಂತಲೇ ಅರ್ಥ. ಮೊದಲ ಇಪ್ಪತ್ತು ನಿಮಿಷಕ್ಕೇ ಬಾಯಿಗೆ ಏನಾದರೂ ಹಾಕಿ, ಆಮೇಲೆ ಇಪ್ಪತ್ತು ನಿಮಿಷಕ್ಕೊಮ್ಮೆ.

ನಮ್ಮ ಅವ್ವ ಶೇಂಗಾ ಹೋಳಿಗೆಯನ್ನು ನಾಲ್ಕು ತುಂಡು ಮಾಡಿ, ಒಂದೊಂದನ್ನೂ ಬೆಣ್ಣೆಕಾಗದದಲ್ಲಿ ಸುತ್ತಿ, ಒಂದು ಮೂಲೆಯನ್ನು ಹೊರಗೆ ಬಿಟ್ಟು ಮಡಚುತ್ತಾಳೆ, ಒಂದೇ ಕೈಯಲ್ಲಿ, ಹಲ್ಲಿನಿಂದ ಎಳೆದು ಬಿಚ್ಚಲು ಬರಲಿ ಅಂತ. "ಇನ್ನೊಂದ್ ಇಟ್ಕೊ ತಮ್ಮಾ, ಹಸದವರು ಯಾರರ ಸಿಗ್ತಾರ" ಅನ್ನುತ್ತಾಳೆ. ಶೇಂಗಾದಲ್ಲಿ ಎಣ್ಣೆ ಇರುವುದರಿಂದ ಅದು ಹಂತದ ಮೊದಲರ್ಧಕ್ಕೆ. ಕೊನೆಯ ಒಂದು ಗಂಟೆ ಬೆಲ್ಲ, ಬಾಳೆಹಣ್ಣು, ಪಾನಕ ಮಾತ್ರ. ಕಮಲಾಪುರ ದಾಟುವಾಗ ಕೆಂಪು ಬಾಳೆ ಸಿಕ್ಕರೆ ತೆಗೆದುಕೊಳ್ಳಿ, ಆದರೆ ಸಿಪ್ಪೆ ಪೂರ್ತಿ ಮೆತ್ತಗಾದದ್ದನ್ನೇ.

ಜೋಳದ ರೊಟ್ಟಿ ನಮ್ಮ ಜೀವ, ಆದರೂ ರೇಸ್ ಹಿಂದಿನ ರಾತ್ರಿ ಮತ್ತು ರೇಸ್ ಮುಂಜಾನೆ ಬೇಡ. ನಾರು ಹೆಚ್ಚು, ಹೊಟ್ಟೆ ಭಾರ. ಅನ್ನ, ತೆಳು ಬ್ಯಾಳಿ, ಮೊಸರು ಸಾಕು. ಹಸಿ ಖಾರ ಮೂರು ದಿನ ಮರೆತುಬಿಡಿ. ಓಟಕ್ಕೆ ಮೂರು ಗಂಟೆ ಮುಂಚೆ ನಾಷ್ಟಾ ಮುಗಿಯಲಿ.

ರೇಸ್ ದಿನ ಗುಂಪಿನೊಳಗೆ

ಮುಂದಿನವರ ಬೆನ್ನ ಹಿಂದೆ ಗಾಳಿಮರೆಯಲ್ಲಿ ಹೋದರೆ ಸುಮಾರು ಮೂರನೇ ಒಂದು ಪಾಲು ಶಕ್ತಿ ಉಳಿಯುತ್ತದೆ. ಮೂರು ದಿನಕ್ಕೆ ಕೂಡಿಸಿ ನೋಡಿ, ಇದಕ್ಕಿಂತ ದೊಡ್ಡ ಗಳಿಕೆ ಯಾವ ದುಬಾರಿ ಚಕ್ರವೂ ಕೊಡುವುದಿಲ್ಲ. ಹಾಗಂತ ಗುಂಪಿನ ಬಾಲದಲ್ಲಿ ಇರಬೇಡಿ. ಹಿಂದಿದ್ದಷ್ಟೂ ತಿರುವಿನ ನಂತರ ಜಗ್ಗಾಟ ಹೆಚ್ಚು, ಬಿದ್ದವರ ಮೇಲೆ ಬೀಳುವ ಭಯವೂ ಹೆಚ್ಚು. ಮೊದಲ ಇಪ್ಪತ್ತರೊಳಗೆ, ಆದರೆ ಮೊದಲ ಐದರೊಳಗಲ್ಲ.

ಗಾಳಿ ಬಲಗಡೆಯಿಂದ ಬೀಸಿದರೆ ಮುಂದಿನವರ ನೇರ ಹಿಂದೆ ಮರೆ ಇರುವುದಿಲ್ಲ, ಅವರ ಎಡಕ್ಕೆ ಅರ್ಧ ಸರಿದಾಗ ಇರುತ್ತದೆ. ಹೀಗೆ ಒಬ್ಬರ ಎಡಕ್ಕೊಬ್ಬರು ಸರಿಯುತ್ತಾ ರಸ್ತೆಯ ಅಗಲಕ್ಕೆ ಓರೆಸಾಲು ಆಗುತ್ತದೆ. ರಸ್ತೆಯ ಅಂಚು ಮುಟ್ಟಿದ ಮೇಲೆ ಬಂದವರಿಗೆ ಮರೆ ಸಿಗದು, ಅವರು ಕಳಚಿಕೊಳ್ಳುತ್ತಾರೆ. ಬಯಲಿನಲ್ಲಿ ರೇಸ್ ಒಡೆಯುವುದು ಇಲ್ಲೇ. ಮರಗಳ ಸಾಲು ಮುಗಿದು ಬಯಲು ತೆರೆಯುವ ಜಾಗಕ್ಕೆ ಅರ್ಧ ಕಿಲೋಮೀಟರ್ ಮುಂಚೆಯೇ ಮುಂದೆ ಸರಿಯಿರಿ.

ಏರು ಬಂದಾಗ ಗುಂಪಿನ ಮುಂಭಾಗದಲ್ಲಿ ಶುರುಮಾಡಿ. ನಿಮ್ಮ ವೇಗದಲ್ಲೇ ಹತ್ತಿ. ನಾಲ್ಕು ಜನ ಮುಂದೆ ಹೋದರೂ ತುದಿಯಲ್ಲಿ ನೀವಿನ್ನೂ ಗುಂಪಿನೊಳಗೆ ಇರುತ್ತೀರಿ. ಬುಡದಲ್ಲಿ ಹತ್ತು ಸೆಕೆಂಡ್ ಉಳಿಸಲು ಹೋಗಿ ತುದಿಯಲ್ಲಿ ಒಂದು ನಿಮಿಷ ಕಳೆದವರನ್ನು ಪ್ರತಿ ರೇಸ್‌ನಲ್ಲೂ ನೋಡುತ್ತೇವೆ. ಏರಿನ ತುದಿ ಮುಟ್ಟಿದ ಕೂಡಲೇ ಬಿಡಬೇಡಿ, ಇನ್ನೊಂದು ಐವತ್ತು ಮೀಟರ್ ತುಳಿದು ವೇಗ ಹಿಡಿಯಿರಿ. ಬೇರೆಯವರು ಉಸಿರು ಬಿಡುವ ಆ ಜಾಗದಲ್ಲೇ ಗುಂಪು ಒಡೆಯುತ್ತದೆ.

ಇಳಿಜಾರಿನಲ್ಲಿ ಬ್ರೇಕ್ ತಿರುವಿಗೆ ಮುಂಚೆ, ತಿರುವಿನೊಳಗೆ ಅಲ್ಲ. ಹೊರಗಿನ ಕಾಲು ಕೆಳಗೆ, ಕಣ್ಣು ತಿರುವು ಮುಗಿಯುವ ಕಡೆ. ಊರು ಬಂತೆಂದರೆ ಹಂಪ್ ಬಂತು ಅಂತಲೇ ತಿಳಿಯಿರಿ, ಹಿಂದಿನವರಿಗೆ ಕೈ ತೋರಿಸಿ, ಕೂಗಿ ಹೇಳಿ. ಎದುರಾಳಿ ಆದರೇನು, ಬಿದ್ದರೆ ಅವರ ಮನೆಯಲ್ಲೂ ಒಬ್ಬ ಅವ್ವ ಇದ್ದಾಳೆ.

ಗೆರೆ ದಾಟಿದ ಮೇಲೆ

ಹಂತ ಮುಗಿದ ಕ್ಷಣದಿಂದಲೇ ನಾಳೆಯ ಹಂತ ಶುರು. ಹತ್ತು ನಿಮಿಷ ಹಗುರ ಗೇರ್‌ನಲ್ಲಿ ತಿರುಗಿಸಿ. ಅರ್ಧ ಗಂಟೆಯೊಳಗೆ ಹಾಲು, ಬಾಳೆಹಣ್ಣು ಅಥವಾ ಅನ್ನ–ಬ್ಯಾಳಿ. ರೇಸ್‌ಗೆ ಮುಂಚೆ, ನಂತರ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಸಂಜೆಯೊಳಗೆ ಒಂದೂವರೆ ಲೀಟರ್ ನೀರು, ಮಜ್ಜಿಗೆ ಸೇರಿಸಿ ಕುಡಿಯಬೇಕು.

ಚಡ್ಡಿ ಕೂಡಲೇ ಕಳಚಿ, ಸಾಬೂನು ಹಚ್ಚಿ ಸ್ನಾನ ಮಾಡಿ. ತೊಡೆಸಂದಿಯ ಗುಳ್ಳೆ ಒಂದು ಎದ್ದರೆ ಮರುದಿನ ಸೀಟಿನ ಮೇಲೆ ಕೂರಲಾಗದು. ಮೂರು ದಿನಕ್ಕೆ ಮೂರು ಚಡ್ಡಿ ಇರಲಿ, ಇಲ್ಲದಿದ್ದರೆ ರಾತ್ರಿ ಒಗೆದು ಫ್ಯಾನಿನ ಕೆಳಗೆ ಒಣಗಿಸಿ. ಹೇಳಿಕೊಳ್ಳಲು ನಾಚಿಕೆ ಪಟ್ಟು ಎಷ್ಟೋ ಜನ ಇದೊಂದೇ ಕಾರಣಕ್ಕೆ ರೇಸ್ ಬಿಟ್ಟಿದ್ದಾರೆ.

ಮಧ್ಯಾಹ್ನ ಕಾಲು ಗೋಡೆಗೆ ಆನಿಸಿ ಕಾಲು ಗಂಟೆ ಮಲಗಿ. ಊರು ನೋಡಲು ಹೋಗಬೇಡಿ, ಬೀದರ್ ಕೋಟೆ ಸುಮಾರು ಆರು ಶತಮಾನದಿಂದ ಅಲ್ಲೇ ಇದೆ, ರೇಸ್ ಮುಗಿದ ಮೇಲೂ ಇರುತ್ತದೆ. ರಾತ್ರಿ ಒಂಬತ್ತಕ್ಕೆ ಮೊಬೈಲ್ ಬೇರೆ ಕೋಣೆಗೆ. ಮುಂಜಾನೆ ಹಾಸಿಗೆ ಬಿಡುವ ಮುಂಚೆ ನಾಡಿ ಎಣಿಸಿ. ದಿನದ ರೂಢಿಗಿಂತ ಎಂಟು–ಹತ್ತು ಬಡಿತ ಹೆಚ್ಚಿದ್ದರೆ ಮೈ ಇನ್ನೂ ದಣಿದಿದೆ, ಅವತ್ತು ಗುಂಪಿನಲ್ಲಿ ಅಡಗಿಕೊಂಡು ಹೋಗಿ. ಜ್ವರ ಇದ್ದರೆ ಸೈಕಲ್ ಮುಟ್ಟಲೇಬೇಡಿ.

ಮೂರನೇ ದಿನ ಮಾತ್ರ ಲೆಕ್ಕ ಬೇರೆ. ಮುಂದಿನವರಿಗೂ ನಿಮಗೂ ಎಷ್ಟು ಸೆಕೆಂಡ್ ಅಂತರ, ಹಿಂದಿನವರಿಗೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿ. ಎರಡು ದಿನ ಕೂಡಿಟ್ಟ ಗಂಟನ್ನು ಬಿಚ್ಚುವುದು ಕೊನೆಯ ದೊಡ್ಡ ಏರಿನಲ್ಲಿ, ಅದಕ್ಕಿಂತ ಮುಂಚೆ ಅಲ್ಲ. ಗೆರೆ ದಾಟಿ ಉಸಿರು ತಿರುಗಿದ ಮೇಲೆ ಸೈಕಲ್ಲನ್ನು ಗೋಡೆಗೆ ಒರಗಿಸಿ ಮರೆಯಬೇಡಿ. ಚೈನಿನ ಸಂದಿಯಲ್ಲಿ ಬೀದರ್‌ನ ಕೆಂಪು ಧೂಳು, ಕಲಬುರಗಿಯ ಕಪ್ಪು ಮಣ್ಣು ಎರಡೂ ಸೇರಿ ಗಟ್ಟಿ ಮೆತ್ತಿಕೊಂಡಿರುತ್ತವೆ. ಹಳೆಯ ಬನಿಯನ್ ತುಂಡಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒಂದೊಂದೇ ಕೊಂಡಿ ಒರೆಸಿ, ಒಣಗಿದ ಮೇಲೆ ಎಣ್ಣೆ ಬಿಡಿ. ಆಮೇಲೆ ನಾಲ್ಕು ದಿನ ಸೈಕಲ್ ಮುಟ್ಟದಿದ್ದರೂ ನಡೆಯುತ್ತದೆ.